ಚಕ್ರಬಲೆಯ ಜೇಡಗಳು: ಹೆಸರು, ಕುಟುಂಬ, ಗೊಂದಲ. ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಶಿರಸಿ ಕಡೆಯ ಅಡಿಕೆ ತೋಟ. ಜೇಡಗಳ ಹಿಂದೆ ಬಿದ್ದು ಹದಿನೈದು ವರ್ಷ ಆಯ್ತು. ಮದುವೆಮನೆ ಪಂಕ್ತಿಯಲ್ಲಿ, ಸೊಸೈಟಿಯಲ್ಲಿ ಅಡಿಕೆ ಹಾಕಿ ಕಾಯುತ್ತ ಕೂತಾಗ, ಕಾರವಾರದ ನೆಂಟರು ವಾಟ್ಸಾಪಿನಲ್ಲಿ ಕಳಿಸುವ ಫೋಟೋಗಳ ಜೊತೆಗೆ, ಜನ ಕೇಳುವುದು ಹೆಚ್ಚುಕಡಿಮೆ ಇವನ್ನೇ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ನಾನು ವಿಜ್ಞಾನಿ ಅಲ್ಲ. ತಪ್ಪು ಹೆಸರು ಹೇಳಿ ಪೆಟ್ಟು ತಿಂದು ಕಲಿತವನು.

## ಶುರುವಿನವರಿಗೆ

ಬಲೆ ಕಟ್ಟುವ ಜೇಡ ಎಲ್ಲ ಒಂದೇ ಅಲ್ವಾ? ಚಕ್ರಬಲೆಯದ್ದು ಅಂತ ಬೇರೆ ಯಾಕೆ?

ಒಂದೇ ಅಲ್ಲ. ಅಟ್ಟದ ಮೂಲೆಯಲ್ಲಿ ಧೂಳು ಹಿಡಿದು ಜೋತಾಡುವ ಬಲೆಗೆ ಅಂಥ ಆಕಾರವೇ ಇಲ್ಲ, ಅಡ್ಡಾದಿಡ್ಡಿ ಎಳೆಗಳು. ಬೆಳಿಗ್ಗೆ ಗದ್ದೆಯ ಅಂಚಿನಲ್ಲಿ ಇಬ್ಬನಿ ಹೊತ್ತು ನಿಂತಿರುತ್ತದಲ್ಲ, ಗಾಡಿಚಕ್ರದ ಅರೆಕಾಲಿನ ಹಾಗೆ ನಡುವಿನಿಂದ ಹೊರಟ ಎಳೆಗಳು, ಅವುಗಳ ಮೇಲೆ ಸುತ್ತುಸುತ್ತಾಗಿ ಅಂಟುನೂಲು, ಅದು ಚಕ್ರಬಲೆ. ಅದನ್ನು ಹೆಣೆಯುವವಲ್ಲಿ ದೊಡ್ಡ ಕುಟುಂಬದ ಹೆಸರು ಅರೇನಿಯಿಡೇ. ಜಗತ್ತಿನಲ್ಲಿ ಇದರ 3,000ಕ್ಕೂ ಜಾಸ್ತಿ ಪ್ರಭೇದಗಳಿಗೆ ಹೆಸರಿಟ್ಟಿದ್ದಾರೆ.

ಕನ್ನಡದಲ್ಲಿ ಇದಕ್ಕೆ ಸರಿಯಾದ ಹೆಸರೇ ಇಲ್ವಲ್ಲ?

ಯಾಕಿಲ್ಲ? 'ಜೇಡ' ಅಂದರೇನೇ ನೇಯುವವನು. ಜೇಡರ ದಾಸಿಮಯ್ಯ ನೇಕಾರ ಆಗಿದ್ದಕ್ಕೇ ಆ ಹೆಸರು. ಜೇಡರ ಹುಳ ಅಂದರೆ ನೇಕಾರರ ಹುಳ. ಇಂಗ್ಲಿಷಿನವರು ನೇಕಾರಿಕೆಯನ್ನು ಬೇರೆ ಪದವಾಗಿ ಅಂಟಿಸಬೇಕಾಯಿತು, ನಮ್ಮಲ್ಲಿ ಅದು ಹೆಸರಿನೊಳಗೇ ಇದೆ. ಹಾಗಾಗಿ 'ಚಕ್ರಬಲೆ ಜೇಡ' ಅಂದರೆ ಸಾಕು. 'ವರ್ತುಲಾಕಾರ ಜಾಲ ನಿರ್ಮಾಪಕ ಜೇಡ' ಅಂತ ಒಮ್ಮೆ ಓದಿದ್ದೆ. ಓದಿ ಮುಗಿಸುವಷ್ಟರಲ್ಲಿ ಜೇಡ ಬಲೆ ಕಟ್ಟಿ ಮುಗಿಸಿರುತ್ತದೆ.

ಬೆಟ್ಟಕ್ಕೆ ಹೋದಾಗ ಅಂಗೈ ಅಗಲದ ಜೇಡ ಮುಖಕ್ಕೇ ಬಂತು. ನೂಲು ಬಂಗಾರದ ಬಣ್ಣ. ಕಚ್ಚಿದ್ರೆ ಏನು ಗತಿ?

ಅದು ನೆಫಿಲಾ ಪಿಲಿಪೆಸ್. ಮಳೆ ಹಿಂದೆ ಸರಿದು ನವರಾತ್ರಿ ಹೊತ್ತಿಗೆ ಸೊಪ್ಪಿನ ಬೆಟ್ಟದ ಕಾಲುದಾರಿಗೆ ಅಡ್ಡಲಾಗಿ ಬಲೆ ಹಾಕಿ ಕೂತಿರುತ್ತದೆ. ಹೆಣ್ಣಿನ ಮೈ ಮೂರರಿಂದ ಐದು ಸೆಂಟಿಮೀಟರ್, ಕಾಲು ಚಾಚಿದರೆ ಅಂಗೈಯನ್ನೂ ಮೀರುತ್ತದೆ. ಬಲೆಗೆ ಮುಖ ಕೊಟ್ಟವರಿಗೆ ಗೊತ್ತು, ಅದು ಮೂಲೆಬಲೆಯ ಹಾಗೆ ಸುಮ್ನೆ ಮೆತ್ತಿಕೊಳ್ಳುವುದಿಲ್ಲ, ಚಟಚಟ ಅಂತ ಹರಿಯುತ್ತದೆ. ವಿಷ ಇದೆ, ಆದರೆ ಅದು ಹುಳಕ್ಕೆ. ನಮಗೆ ಕಚ್ಚಿದರೆ ಉರಿ, ಸ್ವಲ್ಪ ಬಾವು, ಅಷ್ಟೇ. ಅದೂ ಕೈಯಲ್ಲಿ ಹಿಡಿದು ಹಿಸುಕಿದರೆ ಮಾತ್ರ. ಮಳೆಗಾಲದಲ್ಲಿ ಕುತ್ತಿಗೆಯ ಮೇಲೆ ಗೆರೆ ಎಳೆದ ಹಾಗೆ ಗುಳ್ಳೆ ಎದ್ದರೆ ಜೇಡ ಉಚ್ಚೆ ಹೊಯ್ದದ್ದು ಅಂತಾರೆ. ಅದರಲ್ಲಿ ಬಹಳಷ್ಟು ದೀಪಕ್ಕೆ ಬರುವ ಒಂದು ಸಣ್ಣ ಜೀರುಂಡೆಯನ್ನು ಮೈಮೇಲೆ ಉಜ್ಜಿಕೊಂಡದ್ದರ ಫಲ.

ಆ ದೊಡ್ಡ ಜೇಡದ ಬಲೆಯಲ್ಲೇ ಸಣ್ಣ ಸಣ್ಣ ಜೇಡ ಓಡಾಡ್ತಿದ್ವು. ಮರಿಗಳಾ?

ಮರಿಗಳಲ್ಲ. ಕೆಂಪು ಕಂದು ಬಣ್ಣದ, ಅರ್ಧ ಸೆಂಟಿಮೀಟರಿನದ್ದು ಇದ್ದರೆ ಅದು ಗಂಡು! ಹೆಂಡತಿಯ ಎದುರು ಒಂದು ಅಕ್ಕಿಕಾಳು ಇದ್ದ ಹಾಗೆ. ಪಾದರಸದ ಹನಿಯ ಹಾಗೆ ಹೊಳೆಯುವುದು ಇದ್ದರೆ ಅದು ಆರ್ಜಿರೋಡಿಸ್ ಕುಲದ ಜೇಡ. ಪೂರಾ ಬೇರೆ ಕುಟುಂಬ, ಥೆರಿಡಿಡೇ. ಬಲೆ ಕಟ್ಟುವ ಕಷ್ಟ ಬೇಡ ಅಂತ ದೊಡ್ಡವರ ಬಲೆಯಲ್ಲಿ ಬಿದ್ದ ಚಿಲ್ಲರೆ ಹುಳ ಕದ್ದು ತಿನ್ನುತ್ತದೆ. ಒಂದು ಬಲೆ ನೋಡಿ ಮೂರು ಜಾತಿ ಅಂದುಕೊಂಡು ಬರೆದವರಿದ್ದಾರೆ, ಒಂದೇ ಜಾತಿ ಅಂದುಕೊಂಡವರೂ ಇದ್ದಾರೆ.

## ಹೆಸರಿನ ವಿಚಾರ

ಲ್ಯಾಟಿನ್ ಹೆಸರು ಬಾಯಿಗೆ ಬರಲ್ಲ. 'ಮುಳ್ಳು ಜೇಡ' ಅಂದ್ರೆ ಸಾಲದಾ?

ಮನೆಯಲ್ಲಿ ಸಾಕು. ನಮ್ಮ ಲಿಂಬೆಗಿಡದ ಹತ್ತಿರ ಕೂರುವ, ಬೆನ್ನು ಗಟ್ಟಿ ಬಿಲ್ಲೆಯ ಹಾಗಿದ್ದು ಅಂಚಿನಲ್ಲಿ ಆರು ಮುಳ್ಳು ಇರುವ ಜೇಡವನ್ನು ನಾವೂ ಮುಳ್ಳು ಜೇಡ ಅಂತಲೇ ಕರೆಯುತ್ತೇವೆ. ತೊಂದರೆ ಏನೆಂದರೆ, ಎರಡು ಮುಳ್ಳು ಕೊಂಬಿನ ಹಾಗೆ ಉದ್ದವಾಗಿ ಬಾಗಿದ ಇನ್ನೊಂದು ಜೇಡವೂ ಘಟ್ಟದಲ್ಲಿದೆ. ಅದಕ್ಕೂ ಜನ ಮುಳ್ಳು ಜೇಡ ಅಂತಾರೆ. ಮೊದಲನೆಯದು ಗ್ಯಾಸ್ಟರಕ್ಯಾಂತಾ ಜೆಮಿನಾಟಾ, ಎರಡನೆಯದು ಮ್ಯಾಕ್ರಕ್ಯಾಂತಾ ಆರ್ಕುವಾಟಾ. ನೀವು ಕುಮಟಾದಲ್ಲಿ ನೋಡಿದ್ದು, ಶ್ರೀಲಂಕಾದವರು ನೋಡಿದ್ದು ಒಂದೇನಾ ಅಂತ ಹೇಳಬೇಕಾದರೆ ಎರಡು ಪದದ ಹೆಸರು ಬೇಕೇ ಬೇಕು. ಮೊದಲ ಪದ ಕುಲ, ಎರಡನೆಯದು ಪ್ರಭೇದ. ನಮ್ಮಲ್ಲಿ ಮನೆತನದ ಹೆಸರು ಹೇಳಿ ಆಮೇಲೆ ಯಾವ ಮಾಣಿ ಅಂತ ಕೇಳುತ್ತೇವಲ್ಲ, ಹಾಗೆ.

ಆ ಹೆಸರುಗಳಿಗೆ ಏನಾದ್ರೂ ಅರ್ಥ ಇದೆಯಾ?

ಇದೆ, ಮತ್ತು ಅರ್ಥ ತಿಳಿದರೆ ಬಾಯಿಗೂ ಬರುತ್ತದೆ. ಗ್ಯಾಸ್ಟರ್ ಅಂದರೆ ಗ್ರೀಕಿನಲ್ಲಿ ಹೊಟ್ಟೆ, ಅಕಾಂತ ಅಂದರೆ ಮುಳ್ಳು. ಮುಳ್ಳುಹೊಟ್ಟೆ! ಜೆಮಿನಾಟಾ ಅಂದರೆ ಜೋಡಿ. ನೆಫಿಲಾ ಅಂದರೆ ನೂಲುವುದನ್ನು ಇಷ್ಟಪಡುವವಳು, ಪಿಲಿಪೆಸ್ ಅಂದರೆ ಕೂದಲುಗಾಲು. ಸಿರ್ಟೋಫೋರಾ ಸಿಟ್ರಿಕೋಲಾ ಅಂತ ಒಂದು ಜೇಡ, ಸಿಟ್ರಿಕೋಲಾ ಅಂದರೆ ಲಿಂಬೆ, ಕಿತ್ತಳೆ ಗಿಡದಲ್ಲಿ ವಾಸ ಮಾಡುವುದು. ಆರ್ಜಿಯೋಪೆ ಅನಸೂಜ ಅಂತ ಒಂದಿದೆ. ಅದು ನಮ್ಮ ಕಿವಿಗೆ ಅನಸೂಯೆ ಅಂತಲೇ ಕೇಳಿಸುತ್ತದೆ.

ನನಗೆ ಹತ್ತಿರದ್ದು ನೆಫಿಲೆಂಜಿಸ್ ಮಲಬಾರೆನ್ಸಿಸ್. ಮಲಬಾರಿನದ್ದು ಅಂತ ಅರ್ಥ. ಹೆಂಚಿನ ಮಾಡಿನ ಅಡಿಯಲ್ಲಿ, ಗೋಡೆಗೆ ಒತ್ತಿಕೊಂಡು ಬಲೆ ಕಟ್ಟಿ, ಮೇಲಿನ ತುದಿಯಲ್ಲಿ ನೂಲಿನ ಕೊಳವೆ ಮಾಡಿ ಅದರೊಳಗೆ ಅಡಗುತ್ತದೆ. ಹಗಲು ನೋಡಿದರೆ ಬರೀ ಕಾಲಿನ ತುದಿ ಕಾಣುತ್ತದೆ. ಹೆಸರು ನಮ್ಮ ಕರಾವಳಿಯ ಕಡೆಯದ್ದಾದರೂ ಇಂಡೋನೇಷ್ಯಾದವರೆಗೂ ಇದು ಸಿಗುತ್ತದೆ. ಹೆಸರಿನಲ್ಲಿ ಊರು ಇದ್ದರೆ ಆ ಊರಲ್ಲಿ ಮಾತ್ರ ಇದೆ ಅಂತಲ್ಲ.

ಇನ್ನೊಂದು, 2016ರಲ್ಲಿ ಹೆಸರು ಪಡೆದ ಎರಿಯೋವಿಕ್ಸಿಯಾ ಗ್ರಿಫಿಂಡೋರಿ. ಕರ್ನಾಟಕದ ಘಟ್ಟದ ಕಾನಿನಲ್ಲಿ ಸಿಕ್ಕ ಜೇಡ. ಏಳು ಮಿಲಿಮೀಟರ್ ಸುಮಾರಿನ, ಒಣ ಎಲೆಯ ಚೂರಿನಂಥ ಮೈ. ಹ್ಯಾರಿ ಪಾಟರ್ ಕಥೆಯಲ್ಲಿ ಮಕ್ಕಳನ್ನು ಮನೆಗಳಿಗೆ ಹಂಚುವ ಮಾಟದ ಟೋಪಿ ಇದೆಯಲ್ಲ, ಥೇಟ್ ಅದರ ಆಕಾರ. ಟೋಪಿಯ ಮೂಲ ಒಡೆಯ ಗ್ರಿಫಿಂಡೋರ್, ಅವನ ಹೆಸರೇ ಜೇಡಕ್ಕೆ ಬಂತು. ನಮ್ಮ ಕಾನಿನ ಜೇಡಕ್ಕೆ ಇಂಗ್ಲೆಂಡಿನ ಮಾಟಗಾರನ ಹೆಸರು ಯಾಕೆ ಅಂತ ಕೆಲವರಿಗೆ ಬೇಜಾರು. ನನಗಿಲ್ಲ. ಆ ಹೆಸರಿನ ದೆಸೆಯಿಂದ ನಮ್ಮ ಮನೆ ಮಕ್ಕಳು ಒಣ ಎಲೆಗಳನ್ನು ಎರಡೆರಡು ಸಲ ನೋಡುತ್ತಾರೆ.

ಹೆಸರಿನ ಮುಂದೆ ಯಾರದೋ ಹೆಸರು, ಇಸವಿ ಇರತ್ತೆ. ಕೆಲವಕ್ಕೆ ಬ್ರಾಕೆಟ್, ಕೆಲವಕ್ಕೆ ಇಲ್ಲ. ಅಚ್ಚಿನ ತಪ್ಪಾ?

ತಪ್ಪಲ್ಲ, ಬ್ರಾಕೆಟ್ಟೇ ಒಂದು ಕಥೆ ಹೇಳುತ್ತದೆ. 'ಆರ್ಜಿಯೋಪೆ ಅನಸೂಜ ತೋರೆಲ್, 1887' ಅಂತ ಬರೆದರೆ, ತೋರೆಲ್ 1887ರಲ್ಲಿ ಇಟ್ಟ ಹೆಸರು ಇವತ್ತಿಗೂ ಅದೇ ಕುಲದಲ್ಲಿದೆ ಅಂತ ಅರ್ಥ. 'ನೆಫಿಲಾ ಪಿಲಿಪೆಸ್ (ಫ್ಯಾಬ್ರಿಸಿಯಸ್, 1793)' ಅಂತ ಬರೆದರೆ, ಫ್ಯಾಬ್ರಿಸಿಯಸ್ ಇಟ್ಟದ್ದು ಪಿಲಿಪೆಸ್ ಅನ್ನುವ ಪದವನ್ನು, ಆದರೆ ಬೇರೆ ಕುಲದಲ್ಲಿ ಅಂತ ಅರ್ಥ. ಆಗ ಜೇಡಗಳನ್ನೆಲ್ಲ ಅರೇನಿಯಾ ಅನ್ನುವ ಒಂದೇ ಡಬ್ಬಿಗೆ ತುಂಬುತ್ತಿದ್ದರು. ನೆಫಿಲಾ ಅನ್ನುವ ಕುಲವನ್ನು ಲೀಚ್ ಮಾಡಿದ್ದು 1815ರಲ್ಲಿ. ಜೇಡ ಮನೆ ಬದಲಿಸಿತು, ಹೆಸರಿಟ್ಟವನ ನೆನಪಿಗೆ ಬ್ರಾಕೆಟ್ ಉಳಿಯಿತು.

ಹಳೇ ಪುಸ್ತಕದಲ್ಲಿ ನೆಫಿಲಾ ಮ್ಯಾಕುಲಾಟಾ ಅಂತಿದೆ. ನೀವು ಪಿಲಿಪೆಸ್ ಅಂತೀರಿ. ಯಾವುದು ಸರಿ?

ಪಿಲಿಪೆಸ್. ಇದರಲ್ಲಿ ನಾನೇ ಮುಗ್ಗರಿಸಿದ್ದೇನೆ. ಹಿಂದೆ ಒಂದು ಶಾಲೆಗೆ ಜೇಡಗಳ ಚಾರ್ಟ್ ಮಾಡಿಕೊಟ್ಟಿದ್ದೆ. ನಡುವೆ ದೊಡ್ಡದಾಗಿ ಚಿತ್ರ, ಕೆಳಗೆ 'ಮ್ಯಾಕುಲಾಟಾ' ಅಂತ ಚಂದದ ಅಕ್ಷರ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಅಪ್ಪನ ಫೋನ್ ತಂದು ತೋರಿಸಿದಳು, "ಮಾಮ, ಇದ್ರಲ್ಲಿ ಬೇರೆ ಹೆಸರಿದ್ದು." ನಾನು ಫೋನೇ ತಪ್ಪು ಅಂದುಬಿಟ್ಟೆ. ಮನೆಗೆ ಬಂದು ಹುಡುಕಿದ ಮೇಲೆ ಗೊತ್ತಾಯಿತು, ಎರಡೂ ಹೆಸರು 1793ರಲ್ಲಿ ಫ್ಯಾಬ್ರಿಸಿಯಸನೇ ಇಟ್ಟದ್ದು, ಒಂದೇ ಪ್ರಭೇದಕ್ಕೆ. ಆದರೆ ಅರೇನಿಯಾ ಮ್ಯಾಕುಲಾಟಾ ಅನ್ನುವ ಹೆಸರು ಅದಕ್ಕೂ ಮೊದಲೇ ಇನ್ನೊಂದು ಜೇಡದ ಪಾಲಾಗಿತ್ತು. ಒಂದು ಹೆಸರು ಎರಡು ಪ್ರಾಣಿಗೆ ಇರುವ ಹಾಗಿಲ್ಲ, ತಡವಾಗಿ ಬಂದದ್ದು ಬಿದ್ದುಹೋಗುತ್ತದೆ. ಚಾರ್ಟಿನ ಮೇಲೆ ಬಿಳಿ ಕಾಗದ ಅಂಟಿಸಿ ತಿದ್ದಿದೆ. ಅಂಟಿಸಿದ್ದು ಇನ್ನೂ ಎದ್ದು ಕಾಣುತ್ತದೆ.

ಹಳೇ ಹೆಸರು ಓದಿದರೆ ಗಾಬರಿ ಬೇಡ. ಸ್ವಿಟ್ಜರ್ಲೆಂಡಿನ ಬರ್ನ್ ಮ್ಯೂಸಿಯಂ ನಡೆಸುವ ವಿಶ್ವ ಜೇಡ ಪಟ್ಟಿಯಲ್ಲಿ ಹಳೆಯ ಹೆಸರು ಹಾಕಿದರೂ ಇವತ್ತಿನದ್ದು ಯಾವುದು ಅಂತ ತೋರಿಸುತ್ತದೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ.

ಪ್ರಾಣಿಗಳ ಹೆಸರು 1758ರಿಂದ ಲೆಕ್ಕ ಅಂತಾರೆ. ಜೇಡಕ್ಕೆ 1757 ಅಂತ ಹೇಗೆ ಬಂತು?

ಜೇಡಗಳಿಗೆ ಸಿಕ್ಕ ವಿಶೇಷ ರಿಯಾಯಿತಿ ಅದು. ಎರಡು ಪದದ ಹೆಸರಿನ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸನ ಪುಸ್ತಕದ ಹತ್ತನೇ ಆವೃತ್ತಿ ಬಂದದ್ದು 1758ರಲ್ಲಿ, ಪ್ರಾಣಿಗಳ ಹೆಸರಿನ ಲೆಕ್ಕ ಅಲ್ಲಿಂದ ಶುರು. ಆದರೆ ಸ್ವೀಡನ್ನಿನವನೇ ಆದ ಕಾರ್ಲ್ ಕ್ಲರ್ಕ್, ತೆರಿಗೆ ಇಲಾಖೆಯ ನೌಕರ, ಅದಕ್ಕೂ ಹಿಂದಿನ ವರ್ಷವೇ ಸ್ವೀಡನ್ನಿನ ಜೇಡಗಳ ಬಗ್ಗೆ ಬಣ್ಣದ ಚಿತ್ರಗಳ ಪುಸ್ತಕ ತಂದಿದ್ದ. ಎರಡು ಪದದ ಹೆಸರನ್ನೇ ಬಳಸಿದ್ದ. ಕೆಲಸ ಎಷ್ಟು ಅಚ್ಚುಕಟ್ಟು ಅಂದರೆ ಅದನ್ನು ಕೈಬಿಡಲು ಯಾರಿಗೂ ಮನಸ್ಸು ಬರಲಿಲ್ಲ. ಹಾಗಾಗಿ ಕ್ಲರ್ಕನ ಪುಸ್ತಕವೂ 1758ರ ಜನವರಿ 1ರಂದೇ ಬಂದದ್ದು ಅಂತ ನಿಯಮದಲ್ಲಿ ಬರೆದುಕೊಂಡರು, ಅವನ ಹೆಸರುಗಳಿಗೆ ಲಿನೇಯಸನಿಗಿಂತ ಮೊದಲ ಮಣೆ. ಅರೇನಿಯಿಡೇ ಕುಟುಂಬಕ್ಕೆ ಹೆಸರು ಕೊಟ್ಟ ಅರೇನಿಯಸ್ ಕುಲವೂ ಕ್ಲರ್ಕನದ್ದೇ. ಸರ್ಕಾರಿ ನೌಕರರ ಬಿಡುವಿನ ವೇಳೆಯ ಬಗ್ಗೆ ಹಗುರವಾಗಿ ಮಾತಾಡುವವರಿಗೆ ನಾನು ಇವನ ಕಥೆ ಹೇಳುತ್ತೇನೆ.

## ಗುರುತು ಹಿಡಿಯಲು ಹೊರಟವರಿಗೆ

ಫೋಟೋ ಕಳಿಸಿದ್ದೀನಿ. ಪೂರ್ತಿ ಹೆಸರು ಹೇಳಿ.

ಬೆನ್ನಿನ ಒಂದೇ ಫೋಟೋದಲ್ಲಿ ನೆಫಿಲಾ, ಮುಳ್ಳುಹೊಟ್ಟೆಯಂಥವನ್ನು ಹೇಳಬಹುದು. ಕೊಟ್ಟಿಗೆ ದೀಪದ ಹತ್ತಿರ ರಾತ್ರಿ ಬಲೆ ಕಟ್ಟುವ ಕಂದು ಜೇಡ ಆದರೆ 'ನಿಯೋಸ್ಕೋನಾ ಇರಬೇಕು' ಅಂತ ಕುಲಕ್ಕೇ ನಿಲ್ಲುತ್ತೇನೆ. ಆ ಕುಲದಲ್ಲಿ ಒಂದೇ ಪ್ರಭೇದದ ಎರಡು ಹೆಣ್ಣು ಅಕ್ಕತಂಗಿಯರ ಹಾಗೂ ಇರುವುದಿಲ್ಲ, ಬಣ್ಣ ಅಷ್ಟು ಬದಲಾಗುತ್ತದೆ.

ಗಟ್ಟಿ ಗುರುತು ಇರುವುದು ಹೊಟ್ಟೆಯ ಅಡಿಯಲ್ಲಿ. ಹೆಣ್ಣಿಗೆ ಅಲ್ಲಿ ಒಂದು ಸಣ್ಣ ಗಟ್ಟಿ ಫಲಕ, ಅದರ ಆಕಾರ ಪ್ರಭೇದಕ್ಕೊಂದು. ಗಂಡಿಗಾದರೆ ಬಾಯಿಯ ಪಕ್ಕದ ಎರಡು ಪುಟ್ಟ ಕಾಲುಗಳ ತುದಿ, ಬಾಕ್ಸಿಂಗ್ ಗ್ಲೌಸ್ ಹಾಕಿದ ಹಾಗೆ ಉಬ್ಬಿರುತ್ತದೆ. ಬೀಗ ಮತ್ತು ಕೀಲಿ ಅನ್ನಿ. ಇವೆರಡೂ ಕೊನೆಯ ಪೊರೆ ಬಿಟ್ಟ ಮೇಲೇ ಪೂರ್ತಿ ಆಗುವುದು, ಹಾಗಾಗಿ ಮರಿಜೇಡದ ಪೂರ್ತಿ ಹೆಸರು ಹೇಳುವವರನ್ನು ನಂಬಬೇಡಿ. ಆ್ಯಪ್ ಆದರೂ ಅಷ್ಟೇ.

ಫೋಟೋ ತೆಗೆಯುವಾಗ ಬೆನ್ನು, ಹೊಟ್ಟೆಯಡಿ, ಮುಖ, ಇಡೀ ಬಲೆ, ಹೀಗೆ ನಾಲ್ಕು ತೆಗೆಯಿರಿ. ಬಲೆ ನಿಂತಿದೆಯೋ ಮಲಗಿದೆಯೋ, ಹೊತ್ತು ಯಾವುದು, ಬರೆದಿಡಿ. ಮುಖದ ಫೋಟೋ ಯಾಕೆಂದರೆ ಎಂಟು ಕಣ್ಣು ಹೇಗೆ ಕೂತಿವೆ ಅಂತ ನೋಡಬೇಕು. ಅರೇನಿಯಿಡೇಯಲ್ಲಿ ನಾಲ್ಕು ನಡುವೆ ಚೌಕವಾಗಿ, ಉಳಿದವು ಎರಡೆರಡಾಗಿ ದೂರದ ಅಂಚಿನಲ್ಲಿ.

ಬಲೆ ಮೇಲೆ ಇಂಟು ಮಾರ್ಕ್ ಹಾಕೋ ಜೇಡ ಒಂದೇ ಜಾತಿನಾ?

'ಇಂಟು ಮಾರ್ಕ್ ಜೇಡ' ಅನ್ನುವುದು ಮಕ್ಕಳಿಟ್ಟ ಹೆಸರು, ಪುಸ್ತಕದ 'ಸಹಿ ಜೇಡ'ಕ್ಕಿಂತ ನನಗಿದೇ ಇಷ್ಟ. ಆರ್ಜಿಯೋಪೆ ಕುಲ ಅದು. ಅನಸೂಜ, ಪುಲ್ಚೆಲ್ಲಾ ಎರಡೂ ಬಿಳಿ ದಪ್ಪ ನೂಲಿನ ಅಂಕುಡೊಂಕು ಗೆರೆ ಹಾಕಿ, ಎರಡೆರಡು ಕಾಲು ಜೋಡಿಸಿ, ಆ ಗುಣಾಕಾರದ ನಡುವೆ ತಲೆಕೆಳಗಾಗಿ ಕೂರುತ್ತವೆ. ಹಾಗಾಗಿ ಗುರುತು ನೋಡಿ ಕುಲ ಹೇಳಬಹುದು, ಪ್ರಭೇದ ಆಗುವುದಿಲ್ಲ. ಅದೂ ಅಲ್ಲದೆ ನಾಲ್ಕೂ ಕೈ ಇರಲೇಬೇಕೆಂದಿಲ್ಲ. ಒಂದು ದಿನ ಎರಡು, ಮಾರನೇ ದಿನ ಒಂದು, ಕೆಲವೊಮ್ಮೆ ಇಲ್ಲವೇ ಇಲ್ಲ. ಮರಿಗಳು ಗುಣಾಕಾರದ ಬದಲು ದುಂಡನೆಯ ಬಿಳಿ ರಂಗೋಲಿ ಹಾಕುತ್ತವೆ. ಯಾಕೆ ಹಾಕುತ್ತವೆ ಅನ್ನುವುದರ ಬಗ್ಗೆ ಜಗಳ ಮುಗಿದಿಲ್ಲ. ಹುಳ ಸೆಳೆಯಲು ಅಂತ ಒಂದು ಪಕ್ಷ, ಹಕ್ಕಿಗಳಿಗೆ ಎಚ್ಚರಿಕೆ ಅಂತ ಇನ್ನೊಂದು.

## ಸ್ವಲ್ಪ ಆಳಕ್ಕೆ

ಚಕ್ರಬಲೆ ಇದ್ರೆ ಅರೇನಿಯಿಡೇ ಕುಟುಂಬ, ಅಷ್ಟೇ ಅಲ್ವಾ?

ಅಲ್ಲ. ಎಲ್ಲರೂ ಜಾರುವುದು ಇಲ್ಲೇ. ಬಲೆ ಜೇಡ ಮಾಡುವ ಕೆಲಸ, ಕುಟುಂಬ ಅದರ ಹುಟ್ಟು. ಅಡಿಕೆ ಸುಲಿಯುವವರೆಲ್ಲ ಒಂದೇ ಮನೆತನ ಆಗುತ್ತಾರಾ?

ಗದ್ದೆಗೆ ಹೋಗಿ. ಭತ್ತದ ಗರಿಗೆ ಉದ್ದುದ್ದ ಕಾಲು ಚಾಚಿ ಕಡ್ಡಿಯ ಹಾಗೆ ಅಂಟಿಕೊಂಡದ್ದು ಟೆಟ್ರಾಗ್ನಾಥಾ. ಹಳ್ಳದ ದಂಡೆಯಲ್ಲಿ ಓರೆಯಾಗಿ ಬಲೆ ಕಟ್ಟುವ, ಬೆಳ್ಳಿ ಹೊಟ್ಟೆಯ ಮೇಲೆ ಗೆರೆ ಇರುವ ಚೆಲುವೆ ಲ್ಯೂಕಾಜಿ. ಎರಡೂ ಚಕ್ರಬಲೆಯವೇ, ಆದರೆ ಕುಟುಂಬ ಟೆಟ್ರಾಗ್ನಾಥಿಡೇ. ಲ್ಯೂಕಾಜಿ ಕುಲಕ್ಕೆ 1841ರಲ್ಲಿ ಹೆಸರು ಬಂದದ್ದು ಡಾರ್ವಿನ್ ಬ್ರೆಜಿಲಿನಿಂದ ತಂದ ಜೇಡದ ದೆಸೆಯಿಂದ.

ಈಗ ಮನೆಗೆ ಬನ್ನಿ. ಕತ್ತಲೆ ಮೂಲೆಯಲ್ಲಿ ಹಾಸಿದ ಹಾಗೆ ಅಡ್ಡಡ್ಡ ಮಲಗಿದ ಚಕ್ರಬಲೆ ಕಂಡರೆ ಅದು ಝೋಸಿಸ್ ಇರಬಹುದು, ಕುಟುಂಬ ಉಲೋಬೋರಿಡೇ. ಟಾರ್ಚು ಹಾಕಿ ಹತ್ತಿರದಿಂದ ನೋಡಿ. ಬೇರೆ ಚಕ್ರಬಲೆಯ ಸುತ್ತಿನ ಎಳೆಯಲ್ಲಿ ಅಂಟಿನ ಹನಿಗಳು ಮಣಿಸರದ ಹಾಗೆ ಮಿನುಗುತ್ತವೆ. ಇದರಲ್ಲಿ ಹನಿಯೇ ಇಲ್ಲ. ಹಿಂಗಾಲಿನ ಬಾಚಣಿಗೆಯಿಂದ ನೂಲನ್ನು ಬಾಚಿ ಬಾಚಿ ಹಿಂಜಿದ ಹತ್ತಿಯ ಹಾಗೆ ಮಾಡುತ್ತದೆ, ಹುಳದ ಕಾಲು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನೂ ಆಶ್ಚರ್ಯ ಅಂದರೆ ಈ ಕುಟುಂಬಕ್ಕೆ ವಿಷದ ಗ್ರಂಥಿಯೇ ಇಲ್ಲ. ಹುಳವನ್ನು ನೂಲಿನಲ್ಲಿ ಸುತ್ತಿ ಸುತ್ತಿಯೇ ಮುಗಿಸುತ್ತದೆ.

ತಿರುಗಾಮುರುಗಾ ಕೂಡ ಇದೆ. ಬೇಲಿಗಿಡದಲ್ಲಿ ಅಂಟಿಲ್ಲದ ಸಣ್ಣ ಕಣ್ಣಿನ ಜಾಳಿಗೆಯನ್ನು ಡೇರೆಯ ಹಾಗೆ ಎತ್ತಿ ಕಟ್ಟುವ ಸಿರ್ಟೋಫೋರಾ, ಒಂದೇ ನೂಲಿನ ತುದಿಗೆ ಅಂಟಿನ ಗುಂಡು ಕಟ್ಟಿ ಪತಂಗಕ್ಕೆ ಬೀಸುವ ಓರ್ಡ್‌ಗೇರಿಯಸ್, ಇವರೆಲ್ಲ ಅಪ್ಪಟ ಅರೇನಿಯಿಡೇ ಮನೆಯವರು.

ಹಾಗಾದ್ರೆ ಚಕ್ರಬಲೆ ಎರಡು ಸಲ ಹುಟ್ಟಿತು ಅಂತಾನಾ?

ಅದೇ ದೊಡ್ಡ ಪ್ರಶ್ನೆ. ಇಷ್ಟು ಜಟಿಲ ಹೆಣಿಗೆ ಒಂದೇ ಸಲ ಹುಟ್ಟಿರಬೇಕು, ಹಾಗಾಗಿ ಅಂಟಿನವರು, ಹತ್ತಿಯವರು ದಾಯಾದಿಗಳು ಅಂತ ಬಹಳ ಕಾಲ ನಂಬಿದ್ದರು. 2014ರಲ್ಲಿ ಎರಡು ತಂಡಗಳು ನೂರಾರು ಜೀನ್‌ಗಳನ್ನು ಒಟ್ಟಿಗೆ ಹೋಲಿಸಿದವು. ಹತ್ತಿಯ ಚಕ್ರಬಲೆಯವರು ಅರೇನಿಯಿಡೇಗಿಂತ ಜಿಗಿಯುವ ಜೇಡ, ತೋಳಜೇಡಗಳಿಗೇ ಹತ್ತಿರ ಅಂತ ಬಂತು. ಅವು ಬೇಟೆಗೆ ಬಲೆ ಕಟ್ಟದೆ ಓಡಾಡಿ ತಿನ್ನುವ ಜೇಡಗಳು! ಅಂದಮೇಲೆ ಚಕ್ರಬಲೆ ತೀರಾ ಹಳೆಯದಾಗಿದ್ದು ಆ ಜಿಗಿಯುವವರ ಅಜ್ಜಂದಿರು ಅದನ್ನು ಬಿಟ್ಟಿರಬೇಕು, ಇಲ್ಲವೇ ಎರಡು ಕಡೆ ಬೇರೆಬೇರೆಯಾಗಿ ಹುಟ್ಟಿರಬೇಕು. ಪಂಡಿತರಲ್ಲಿ ಎರಡೂ ಕಡೆಯವರಿದ್ದಾರೆ.

ನೆಫಿಲಿಡೇ ಅಂತ ಬೇರೆ ಕುಟುಂಬ ಅಂತ ಓದಿದ್ದೆ. ಈಗ ಅರೇನಿಯಿಡೇ ಅಂತಾರೆ. ಒಂದು ತೀರ್ಮಾನ ಇಲ್ವಾ?

ನಮ್ಮ ಜಿಲ್ಲೆಯವರಿಗೆ ಇದು ಬೇಗ ಅರ್ಥ ಆಗಬೇಕು. ಕಾರವಾರ ಮೊದಲು ಮದ್ರಾಸ್ ಪ್ರಾಂತ್ಯ, 1862ರಲ್ಲಿ ಬೊಂಬಾಯಿ, 1956ರಲ್ಲಿ ಮೈಸೂರು ರಾಜ್ಯ. ಕಾಳಿ ನದಿ ಮಾತ್ರ ಹರಿಯುವ ಕಡೆಯೇ ಹರಿಯಿತು. ನೆಫಿಲಾದ ಕಥೆಯೂ ಹಾಗೇ. ನಮ್ಮ ದೇಶದ ಜೇಡತಜ್ಞ ಟಿಕಾದಾರ್ 1982ರಲ್ಲಿ ಭಾರತದ ಚಕ್ರಬಲೆ ಜೇಡಗಳ ದೊಡ್ಡ ಗ್ರಂಥ ಬರೆದಾಗ ಅದು ಅರೇನಿಯಿಡೇಯಲ್ಲಿ. ಆಮೇಲೆ ಟೆಟ್ರಾಗ್ನಾಥಿಡೇಗೆ ಹೋಯಿತು. 2006ರಲ್ಲಿ ಕುಂಟ್ನರ್ ಅನ್ನುವ ವಿಜ್ಞಾನಿ ನೆಫಿಲಿಡೇ ಅಂತ ಸ್ವಂತ ಮನೆ ಕಟ್ಟಿಕೊಟ್ಟ. ಸುಮಾರು ಹತ್ತು ವರ್ಷಕ್ಕೆ ಇನ್ನೊಂದು ತಂಡ ಅರೇನಿಯಿಡೇ ಒಳಗೆ ತಂದಿತು. 2019ರಲ್ಲಿ ಮತ್ತೆ ಬೇರೆ. 2020ರಲ್ಲಿ ಮತ್ತೆ ಒಳಗೆ. ನಾನು ಅರೇನಿಯಿಡೇಯನ್ನೇ ಹಿಡಿದಿದ್ದೇನೆ.

ಜಗಳ ಸಂಬಂಧದ ಬಗ್ಗೆ ಅಷ್ಟಿಲ್ಲ. ನೆಫಿಲಾದವರು ಒಂದು ಗಟ್ಟಿ ಕವಲು, ಅರೇನಿಯಿಡೇಗೆ ಹತ್ತಿರ, ಇಷ್ಟು ಎಲ್ಲರೂ ಒಪ್ಪುತ್ತಾರೆ. ಆ ಕವಲಿಗೆ ಬೇರೆ ರೇಷನ್ ಕಾರ್ಡ್ ಕೊಡಬೇಕೋ, ಕೂಡುಕುಟುಂಬದಲ್ಲೇ ಇಡಬೇಕೋ ಅನ್ನುವುದು ತಕರಾರು. ತೋಟದಲ್ಲಿ ಜೇಡ ನೋಡುವವರಿಗೆ ಕುಲ, ಪ್ರಭೇದದ ಹೆಸರೇ ಮುಖ್ಯ. ಕುಟುಂಬವನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟುಕೊಳ್ಳಿ.

ನಮ್ಮ ಬಚ್ಚಲಮನೆ ಹತ್ತಿರ ಎಲ್ಲೂ ನೋಡದ ಜೇಡ ಇದೆ. ಹೊಸದಾದ್ರೆ ನನ್ನ ಹೆಸರು ಇಡಬಹುದಾ?

ತನ್ನ ಹೆಸರನ್ನು ತಾನೇ ಇಡಬಾರದು ಅಂತ ನಿಯಮ ಬರೆದಿಲ್ಲ, ಆದರೆ ಯಾರೂ ಇಡುವುದಿಲ್ಲ. ನಗೆಪಾಟಲು. ಬೇರೆಯವರು ನಿಮ್ಮ ಹೆಸರಿಡಬಹುದು. ಗಂಡಸಾದರೆ ಕೊನೆಗೆ 'ಇ', ಹೆಂಗಸಾದರೆ 'ಏ' ಸೇರುತ್ತದೆ. ಟಿಕಾದಾರ್ 1980ರಲ್ಲಿ ನಿಯೋಸ್ಕೋನಾ ಮುಕರ್ಜೆಯಿ ಅಂತ ಹೆಸರಿಟ್ಟದ್ದು ಹೀಗೇ. ಊರಾದರೆ 'ಎನ್ಸಿಸ್'.

ಅದಕ್ಕೂ ಮೊದಲು ಕೆಲಸ ಬಹಳ ಇದೆ. ಬಲಿತ ಜೇಡ ಬೇಕು, ಸಾಧ್ಯವಾದರೆ ಗಂಡು ಹೆಣ್ಣು ಎರಡೂ. ಆ ಕುಲದ ಗೊತ್ತಿರುವ ಪ್ರಭೇದಗಳ ಜೊತೆ ಹೋಲಿಸಿ ಯಾವುದೂ ಅಲ್ಲ ಅಂತ ತೋರಿಸಬೇಕು. ಮಾದರಿಯಾಗಿ ಒಂದನ್ನು ಆರಿಸಿ, ಮುಂದಿನವರು ತೆಗೆದು ನೋಡುವ ಹಾಗೆ ಸಂಗ್ರಹಾಲಯದಲ್ಲಿ ಇಡಬೇಕು. ನಮ್ಮ ದೇಶದಲ್ಲಿ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಇದಕ್ಕೆ ಗೊತ್ತುಮಾಡಿದ ಸಂಸ್ಥೆಗಳಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಒಂದು. ಕಾಡಿನಿಂದ ಹಿಡಿಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕೊನೆಗೆ ಪ್ರಕಟಿಸಬೇಕು. ವಾಟ್ಸಾಪಿನಲ್ಲಿ ಹಾಕಿದ್ದು ಪ್ರಕಟಣೆ ಅಲ್ಲ.

ಈ ಪ್ರಶ್ನೆ ಕೇಳಿದವರು ಯಲ್ಲಾಪುರ ಕಡೆಯ ನೆಂಟರು. ಫೋಟೋದಲ್ಲಿ ಇದ್ದದ್ದು ಇನ್ನೂ ಬಲಿಯದ ಮರಿ. ಎರಡು ವಾರ ಮುಟ್ಟಬೇಡಿ, ಪೊರೆ ಬಿಡಲಿ, ಆಮೇಲೆ ಹೊಟ್ಟೆಯಡಿ ಫೋಟೋ ತೆಗೆಯೋಣ ಅಂದಿದ್ದೆ. ಹತ್ತನೇ ದಿನಕ್ಕೆ ಫೋನ್ ಬಂತು. "ಮನೆಯವ್ಳು ದೀಪಾವಳಿಗೆ ಜೇಡರಬಲೆ ಹೊಡೆದ್ಲು ಮಾರಾಯಾ."